ನಮ್ಮ ಕಾರಿನ ಬೆನ್ನಿಗೂ ಒಂದು ಕಣ್ಣು

ಉಪ್ಪಿನಕಾಯಿಗೆ ಬೂಷ್ಟು ಬಾರದಂತೆ ಏನು ಮಾಡಬೇಕು, ರೇಷ್ಮೆ ಸೀರೆಗೆ ಬಿದ್ದ ಎಣ್ಣೆ ಕಲೆ ಹೇಗೆ ತೆಗೆಯಬೇಕು ಎಂದೆಲ್ಲ ಓದುವ ಈ ಪುಟಗಳಲ್ಲಿ ಕಾರಿನ ರಿಪೇರಿಯ ಮಾತು ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸಬಹುದು. ಹುಬ್ಬೇರಿಸಿ, ಬೇಡವೆನ್ನುವುದಿಲ್ಲ. ಆದರೆ ಪುಟ ಮಾತ್ರ ತಿರುವಬೇಡಿ. ನಾನೂ ನಿಮ್ಮಂತೆಯೇ ಒಲೆ, ಒಗೆತ, ಅತ್ತೆಯ ಮಾತ್ರೆ, ಮಗಳ ಟ್ಯೂಷನ್ ಎಂದು ದಿನ ದೂಡುವವಳು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಇಂಥವಳು ಕಾರಿನ ವೈರು ಬಿಚ್ಚಿ ಕೂಡಿಸಿದೆ ಎಂದರೆ ನನಗೇ ಈಗಲೂ ನಗು ಬರುತ್ತದೆ. ಆದರೆ ಅದರ ಹಿಂದಿನ ಕತೆ ನಗುವಂಥದ್ದಲ್ಲ.

ನಮ್ಮೂರು ಹಿರಿಯೂರು. ವೇದಾವತಿ ಹೊಳೆ, ತೇರುಮಲ್ಲೇಶ್ವರನ ಗುಡಿ, ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಹಗಲಿರುಳೂ ಓಡುವ ಲಾರಿಗಳು ಎಂದರೆ ಗುರುತು ಸಿಕ್ಕೀತು. ಮಳೆ ಅಪರೂಪ, ಧೂಳು ಧಾರಾಳ. ನಮ್ಮವರು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಅತ್ತೆಯವರಿಗೆ ಮಂಡಿನೋವು, ಜೊತೆಗೆ ಸಕ್ಕರೆ ಕಾಯಿಲೆ. ತಿಂಗಳಿಗೆ ಎರಡು ಸಲವಾದರೂ ಚಿತ್ರದುರ್ಗದ ಡಾಕ್ಟರ ಹತ್ತಿರ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತಲಾರರು. ಬಾಡಿಗೆ ಕಾರಿಗೆ ಕೊಟ್ಟು ಕೊಟ್ಟು ಸಾಕಾಗಿ, ಕೊನೆಗೆ ಒಂದು ಹಳೆಯ ಸಣ್ಣ ಕಾರು ಕೊಂಡೆವು. ಓಡಿಸುವವರು ಯಾರು? ನಲವತ್ತೊಂದನೆಯ ವಯಸ್ಸಿನಲ್ಲಿ ನಾನೇ ಕಲಿತೆ. ಮೊದಮೊದಲು ಬೀದಿಯ ಹುಡುಗರು ನನ್ನ ಕಾರು ಕಂಡರೆ "ಆಂಟಿ ಬಂದ್ರು, ಓಡ್ರಲೋ" ಎಂದು ಕೂಗುತ್ತಿದ್ದರು. ಆಮೇಲೆ ಅವರಿಗೂ ರೂಢಿಯಾಯಿತು, ನನಗೂ ಕೈ ಕೂತಿತು.

ನಮ್ಮದು ಹಿಂಭಾಗ ಮೊಂಡಾಗಿ ನಿಂತ ಕಾರು. ಡಿಕ್ಕಿಯ ಬಾಗಿಲಿನಲ್ಲೇ ಹಿಂದಿನ ಗಾಜು, ಆ ಗಾಜಿಗೆ ಒಂದು ಪುಟ್ಟ ವೈಪರು. ಬೆನ್ನು ಉದ್ದವಾಗಿ ಚಾಚಿರುವ ದೊಡ್ಡ ಕಾರುಗಳಿಗೆ ಸಾಮಾನ್ಯವಾಗಿ ಹಿಂದೆ ವೈಪರು ಇರುವುದಿಲ್ಲ. ಮೊಂಡು ಕಾರಿಗೆ ಮಾತ್ರ ಯಾಕೆ ಎಂದು ನಾನೂ ಯೋಚಿಸಿದ್ದೆ. ಕಾರು ಮುಂದಕ್ಕೆ ಓಡುವಾಗ ಗಾಳಿ ಮಾಡಿನ ಮೇಲಿಂದ ಹರಿದು ಹಿಂದೆ ತಟ್ಟನೆ ಕಡಿದು ಬೀಳುತ್ತದೆ. ಅಲ್ಲಿ ಅದು ಸುಳಿ ಸುತ್ತಿಕೊಂಡು ಚಕ್ರ ಚಿಮ್ಮಿಸಿದ ಕೆಸರನ್ನೂ ಧೂಳನ್ನೂ ಎಳೆದು ತಂದು ಗಾಜಿಗೆ ಮೆತ್ತುತ್ತದೆ. ಹಿಟ್ಟಿನ ಗಿರಣಿಯ ಬಾಗಿಲ ಹಿಂದೆ ಹಿಟ್ಟು ಕೂರುವುದಿಲ್ಲವೇ, ಹಾಗೆ.

ಆ ಪುಟ್ಟ ವೈಪರು ಕೆಟ್ಟು ಎಂಟು ತಿಂಗಳಾಗಿತ್ತು. ಗುಂಡಿ ತಿರುಗಿಸಿದರೆ ಗಾಜಿಗೆ ನೀರೇನೋ ಚಿಮ್ಮುತ್ತಿತ್ತು, ಕಡ್ಡಿ ಮಾತ್ರ ಅಲುಗುತ್ತಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ತೋರಿಸಿದ್ದೆ. ಅವರು ಬಾಗಿಲು ಸಹ ಬಿಚ್ಚದೆ, "ಮೋಟಾರು ಹೋಗಿದೆ ಮೇಡಂ, ಹೊಸದು ಹಾಕಬೇಕು, ಮೂರೂವರೆ ಸಾವಿರ ಆಗುತ್ತೆ" ಎಂದರು. ನಮ್ಮವರಿಗೆ ಹೇಳಿದರೆ, "ನಮ್ಮೂರಲ್ಲಿ ಮಳೆ ಬರೋದೇ ವರ್ಷಕ್ಕೆ ನಾಲ್ಕು ದಿನ, ಅದಕ್ಕೆ ಮೂರೂವರೆ ಸಾವಿರವಾ?" ಎಂದು ನಕ್ಕರು. ನಾನೂ ನಕ್ಕೆ. ಆ ದುಡ್ಡಿಗೆ ಮಗಳ ಪುಸ್ತಕ ಬಂದವು. ಗಾಜು ಕೊಳೆಯಾದಾಗ ಹಳೇ ಪಂಚೆಯ ತುಂಡಿನಿಂದ ಒರೆಸಿಕೊಂಡರಾಯಿತು ಎಂದುಕೊಂಡೆ.

ಆಮೇಲೆ 2022 ಬಂತು. ನಮ್ಮ ಕಡೆಯವರು ಆ ವರ್ಷವನ್ನು ಮರೆಯುವುದಿಲ್ಲ. ಹೊಸದುರ್ಗದ ಕಡೆಯಿಂದ ವೇದಾವತಿ ತುಂಬಿ ಹರಿದು, ಮಾರಿಕಣಿವೆಯ ವಾಣಿವಿಲಾಸ ಸಾಗರ ಸೆಪ್ಟೆಂಬರ್ 2ರಂದು ಕೋಡಿ ಬಿತ್ತು. 130 ಅಡಿ ನೀರು! ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ನೀರು. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟಿಗೆ ಒಬ್ಬ ಹೆಣ್ಣುಮಗಳ ಹೆಸರಿದೆ, ನಿಮಗೆ ಗೊತ್ತಿರಬಹುದು. ಮಗ ಚಿಕ್ಕವನಿದ್ದಾಗ ಮೈಸೂರು ರಾಜ್ಯದ ಆಡಳಿತ ನೋಡಿಕೊಂಡ ಮಹಾರಾಣಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು ಅದು.

ಅತ್ತೆಯವರು ಹಟ ಹಿಡಿದರು. "ನಮ್ಮಪ್ಪ ನೋಡಿದ್ನಂತೆ ಕಣೇ, ಕೋಡಿ ನೀರು. ನಾನು ಹುಟ್ಟಿದಾಗಿನಿಂದ ಕೇಳ್ತಾನೇ ಬಂದೆ. ಸಾಯೋದ್ರೊಳಗೆ ಒಂದ್ಸಲ ತೋರಿಸ್ಬಿಡು." ನಮ್ಮವರಿಗೆ ಆ ಭಾನುವಾರವೂ ಮಿಲ್ಲಿನಲ್ಲಿ ಕೆಲಸವಿತ್ತು. ಅತ್ತೆ, ಮಗಳು, ನಾನು ಮೂವರೇ ಹೊರಟೆವು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡೆ. ಅರಿಶಿನ ಕುಂಕುಮ, ಹಸಿರು ಬಳೆ, ಒಂದು ರವಿಕೆ ಕಣ ಇಟ್ಟುಕೊಂಡೆ. ದಾರಿಯುದ್ದಕ್ಕೂ ಜನ. ಟ್ರ್ಯಾಕ್ಟರಿನಲ್ಲಿ ಜನ, ಬೈಕಿನಲ್ಲಿ ಜನ, ನಡೆದುಕೊಂಡು ಹೋಗುವ ಜನ. ಎಂದೂ ಒಣಗಿಯೇ ನೋಡಿದ ಜಾಗದಲ್ಲಿ ನೀರು ಬಿಳಿ ನೊರೆಯಾಗಿ ಬೀಳುವುದನ್ನು ಕಂಡು ಅತ್ತೆ ಕೈ ಮುಗಿದು ಅತ್ತುಬಿಟ್ಟರು. ನನಗೂ ಕಣ್ಣು ತುಂಬಿತು.

ವಾಪಸು ಹೊರಡುವ ಹೊತ್ತಿಗೆ ಮಳೆ ಹನಿಯತೊಡಗಿತು. ಕಾರು ನಿಲ್ಲಿಸಿದ್ದ ಬಯಲು ಕೆಸರಾಗಿತ್ತು. ಜನರೆಲ್ಲ ಓಡಾಡುತ್ತಿದ್ದರು. ಮುಂದೆ ಟ್ರ್ಯಾಕ್ಟರ್ ಅಡ್ಡ ನಿಂತಿದ್ದರಿಂದ ನಾನು ಹಿಂದಕ್ಕೇ ತೆಗೆಯಬೇಕಿತ್ತು. ಕನ್ನಡಿಯಲ್ಲಿ ನೋಡಿದೆ. ಹಿಂದಿನ ಗಾಜು ಗಂಜಿ ಬಳಿದಂತೆ ಕೆಸರಿನಿಂದ ಮುಚ್ಚಿಹೋಗಿತ್ತು. ಇಳಿದು ಒರೆಸಬೇಕಿತ್ತು. ಮಳೆ ಎಂದು ಇಳಿಯಲಿಲ್ಲ. ಪಕ್ಕದ ಎರಡು ಕನ್ನಡಿ ಸಾಕು ಎಂದುಕೊಂಡು ಗೇರು ಹಾಕಿ ಮೆಲ್ಲಗೆ ಹಿಂದಕ್ಕೆ ಬಿಟ್ಟೆ.

"ಏ ನಿಲ್ಸೇ ತಾಯಿ! ಕೂಸು! ಕೂಸು!"

ಅತ್ತೆ ಎಡಗಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿದರು. ಬ್ರೇಕ್ ತುಳಿದೆ. ಇಳಿದು ನೋಡಿದರೆ ಐದಾರು ವರ್ಷದ ಹುಡುಗ. ಕೆಸರಿನಲ್ಲಿ ಸಿಕ್ಕಿಕೊಂಡ ಚಪ್ಪಲಿ ಎತ್ತಿಕೊಳ್ಳಲು ಕಾರಿನ ಹಿಂದೆ ಓಡಿಬಂದು ಬಗ್ಗಿದ್ದಾನೆ. ನನ್ನ ಕಾರಿಗೂ ಅವನ ತಲೆಗೂ ನಡುವೆ ಒಂದು ಮೊಳ ಜಾಗವಿತ್ತು. ಏನೂ ಆಗಲಿಲ್ಲ. ದೇವರು ದೊಡ್ಡವನು. ಅವನ ತಾಯಿ ಓಡಿಬಂದು ಮಗುವನ್ನು ಸೊಂಟಕ್ಕೆ ಎತ್ತಿಕೊಂಡಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಕೆ ಬಯ್ಯಲಿಲ್ಲ. ನನ್ನ ಮುಖ ನೋಡಿದಳು, ಆಮೇಲೆ ಕೆಸರು ಮೆತ್ತಿದ ಆ ಗಾಜು ನೋಡಿದಳು, ಹೊರಟುಹೋದಳು. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆ ರಾತ್ರಿ ನಮ್ಮವರು ಹೆಚ್ಚು ಮಾತಾಡಲಿಲ್ಲ. "ಇನ್ಮೇಲೆ ನೀನು ಕಾರು ತೆಗೀಬೇಡ. ಅಮ್ಮನನ್ನ ಬಾಡಿಗೆ ಕಾರಲ್ಲೇ ಕರ್ಕೊಂಡು ಹೋಗೋಣ" ಎಂದರು ಅಷ್ಟೆ. ನನಗೆ ಉತ್ತರ ತೋಚಲಿಲ್ಲ. ತಪ್ಪು ನನ್ನದೇ ತಾನೇ? ಎರಡು ವಾರ ಕಾರಿನ ಬೀಗದಕೈ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ನೇತಾಡಿತು. ಅದನ್ನು ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಒಂದು ದಿನ ಅತ್ತೆಯೇ ಹೇಳಿದರು: "ಒಲೆ ಸುಟ್ಟಿತು ಅಂತ ಅಡುಗೆ ಬಿಡ್ತಾರೇನೇ? ಕೆಟ್ಟದ್ದನ್ನ ಸರಿ ಮಾಡ್ಸು, ಓಡ್ಸು. ಆದ್ರೆ ಕಣ್ಣು ಬಿಟ್ಕೊಂಡು ಓಡ್ಸು."

ಮೂರೂವರೆ ಸಾವಿರ ಕೊಟ್ಟೇಬಿಡೋಣ ಎಂದುಕೊಂಡೆ. ಆದರೆ ಒಂದು ವಿಷಯ ತಲೆ ಕೊರೆಯುತ್ತಿತ್ತು. ಹಿಂದಿನ ನಂಬರ್ ಪ್ಲೇಟಿನ ದೀಪವೂ ಉರಿಯುತ್ತಿಲ್ಲ ಎಂದು ಪಕ್ಕದ ಮನೆಯವರು ಎಂದೋ ಹೇಳಿದ್ದರು. ಅಡುಗೆಮನೆಯಲ್ಲಿ ಮಿಕ್ಸಿ ಒಂದೇ ನಿಂತರೆ ಮಿಕ್ಸಿ ಕೆಟ್ಟಿದೆ ಎನ್ನುತ್ತೇವೆ. ಮಿಕ್ಸಿಯೂ ಗ್ರೈಂಡರೂ ಒಟ್ಟಿಗೆ ನಿಂತರೆ? ಎರಡೂ ಒಂದೇ ದಿನ ಕೆಡುವುದುಂಟೇ? ಪ್ಲಗ್ಗೋ ವೈರೋ ನೋಡುತ್ತೇವಲ್ಲವೇ? ಹಾಗಾದರೆ ಡಿಕ್ಕಿ ಬಾಗಿಲಿನ ವೈಪರೂ ದೀಪವೂ ಎರಡೂ ಸತ್ತಿವೆಯೆಂದರೆ, ಕೆಟ್ಟದ್ದು ಮೋಟಾರಲ್ಲ, ಎರಡಕ್ಕೂ ಹೋಗುವ ದಾರಿ ಇರಬೇಕು.

ಮೊದಲು ಫ್ಯೂಸು ನೋಡಿದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಯಾವ ಫ್ಯೂಸು ಯಾವುದಕ್ಕೆ ಎಂಬ ಪಟ್ಟಿ ಇರುತ್ತದೆ. ಸ್ಟೇರಿಂಗಿನ ಕೆಳಗೆ ಮುಚ್ಚಳ ತೆಗೆದರೆ ಬಣ್ಣಬಣ್ಣದ ಪುಟಾಣಿ ಫ್ಯೂಸುಗಳು. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಬೀಗದಕೈ ತೆಗೆದಿಟ್ಟುಕೊಂಡು, ಫ್ಯೂಸು ಕಿತ್ತು ಬೆಳಕಿಗೆ ಹಿಡಿದರೆ ಒಳಗಿನ ತಂತಿ ಕಾಣುತ್ತದೆ. ತುಂಡಾಗಿದ್ದರೆ ಅದೇ ಬಣ್ಣದ್ದೇ ಇನ್ನೊಂದು ಹಾಕಬೇಕು. "ಮತ್ತೆ ಮತ್ತೆ ಸುಟ್ಟುಹೋಗುತ್ತೆ, ದೊಡ್ಡದೇ ಹಾಕಿಬಿಡೋಣ" ಎಂದೋ, ಒಂದು ತಂತಿ ಸುತ್ತಿಬಿಡೋಣ ಎಂದೋ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಫ್ಯೂಸು ಸುಡದಿದ್ದರೆ ವೈರು ಸುಡುತ್ತದೆ, ಕಾರಿಗೇ ಬೆಂಕಿ ಹತ್ತಬಹುದು. ನಮ್ಮದರಲ್ಲಿ ಫ್ಯೂಸು ನೆಟ್ಟಗಿತ್ತು.

ಇನ್ನು ದಾರಿ ಯಾವುದು? ಡಿಕ್ಕಿ ಬಾಗಿಲು ಎತ್ತಿದರೆ ಮೇಲ್ಗಡೆ ಕೀಲಿನ ಹತ್ತಿರ ಕಾರಿನ ಮೈಯಿಂದ ಬಾಗಿಲಿಗೆ ಹೋಗುವ ಒಂದು ಕಪ್ಪು ರಬ್ಬರಿನ ಕೊಳವೆ ಕಾಣುತ್ತದೆ. ಆನೆ ಸೊಂಡಿಲಿನಂತೆ ಮಡಿಕೆ ಮಡಿಕೆಯಾಗಿರುತ್ತದೆ. ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗೇ ಹೋಗಬೇಕು. ನೀವು ಬಾಗಿಲು ತೆಗೆದು ಹಾಕಿದಾಗಲೆಲ್ಲ ಆ ವೈರುಗಳು ಮಡಚಿ ಬಿಚ್ಚುತ್ತವೆ. ಇಸ್ತ್ರಿ ಪೆಟ್ಟಿಗೆಯ ವೈರು ಬುಡದಲ್ಲೇ ಕಡಿಯುವುದು ಯಾಕೆ? ಅಲ್ಲೇ ದಿನವೂ ಬಾಗುವುದರಿಂದ. ಇದೂ ಹಾಗೆಯೇ.

ಸಂಜೆ ಮಗಳನ್ನು ಸ್ಟೇರಿಂಗಿನ ಮುಂದೆ ಕೂರಿಸಿದೆ. ಎಂಜಿನ್ ಶುರು ಮಾಡದೆ, ಬೀಗದಕೈ ಮಾತ್ರ ತಿರುಗಿಸಿ, ಹಿಂದಿನ ವೈಪರಿನ ಗುಂಡಿಯನ್ನೂ ದೀಪವನ್ನೂ ಹಾಕಿಸಿದೆ. ನಾನು ಹಿಂದೆ ನಿಂತು, ವೈಪರಿನ ಕಡ್ಡಿಯಿಂದ ಕೈ ದೂರವಿಟ್ಟುಕೊಂಡು, ಆ ರಬ್ಬರಿನ ಕೊಳವೆಯನ್ನು ಹಿಡಿದು ಮೆಲ್ಲಗೆ ಅತ್ತ ಇತ್ತ ಬಗ್ಗಿಸಿದೆ. ಮೊದಲು ಏನೂ ಇಲ್ಲ. ಇನ್ನಷ್ಟು ಬಗ್ಗಿಸಿದೆ. ವೈಪರು ನಿದ್ದೆಯಿಂದ ಎದ್ದಂತೆ ಒಂದು ಸಲ ಮೈಮುರಿಯಿತು! ನಂಬರ್ ಪ್ಲೇಟಿನ ದೀಪ ಮಿಣುಕ್ ಎಂದಿತು. "ಅಮ್ಮಾ, ಅಲ್ಲಾಡ್ತಮ್ಮಾ!" ಎಂದು ಮಗಳು ಒಳಗಿಂದ ಕೂಗಿದಳು. ಮೋಟಾರು ಸತ್ತಿರಲಿಲ್ಲ. (ಕೆಲವು ಕಾರುಗಳಲ್ಲಿ ಬಾಗಿಲು ತೆರೆದಿದ್ದಾಗ ವೈಪರು ಓಡದಂತೆ ಮೊದಲೇ ಏರ್ಪಾಟು ಮಾಡಿರುತ್ತಾರೆ. ಅಂಥದರಲ್ಲಿ ಈ ಪರೀಕ್ಷೆ ನಡೆಯದು, ದೀಪವನ್ನಷ್ಟೇ ನೋಡಬೇಕು.)

ಮರುದಿನ ಬಜಾರಿನ ಆಟೋ ಎಲೆಕ್ಟ್ರಿಕಲ್ ಅಂಗಡಿಯ ಹುಡುಗನನ್ನು ಕೇಳಿದೆ. "ಹೌದಕ್ಕಾ, ಹಳೇ ಕಾರುಗಳಲ್ಲಿ ಇದು ಮಾಮೂಲು. ವೈರು ಅಲ್ಲೇ ಕಡಿದಿರುತ್ತೆ" ಎಂದು ಅಷ್ಟೇ ದಪ್ಪದ ವೈರು, ಕಾಯಿಸಿದರೆ ಬಿಗಿದುಕೊಳ್ಳುವ ಸಣ್ಣ ಕೊಳವೆಯ ಸ್ಲೀವ್ ಕೊಟ್ಟು, ಹೇಗೆ ಮಾಡಬೇಕೆಂದು ಹೇಳಿಕೊಟ್ಟ. ಸಾಲ್ಡರಿಂಗ್ ಕಡ್ಡಿ ಮನೆಯಲ್ಲೇ ಇತ್ತು. ಮಗಳು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ತಂದದ್ದು.

ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿಟ್ಟೆ. ಅದು ಬಿಚ್ಚದೆ ಯಾವ ವೈರಿಗೂ ಕೈ ಹಾಕಬಾರದು. ಆಮೇಲೆ ರಬ್ಬರಿನ ಕೊಳವೆಯ ಎರಡೂ ತುದಿ ಉಪಾಯವಾಗಿ ಬಿಡಿಸಿ ಹಿಂದಕ್ಕೆ ಸರಿಸಿದರೆ, ಅಯ್ಯೋ, ಒಳಗಿನ ಸ್ಥಿತಿ ನೋಡಬೇಕಿತ್ತು! ಕಪ್ಪು ವೈರು ಪೂರಾ ತುಂಡು. ಇನ್ನೊಂದರ ಹೊದಿಕೆ ಬಿರಿದು ಒಳಗೆ ಮೂರೋ ನಾಲ್ಕೋ ತಾಮ್ರದ ಎಳೆ ಉಳಿದಿದ್ದವು. ನಮ್ಮ ಕಾರಿನಲ್ಲಿ ಆ ಕಪ್ಪು ವೈರೇ ಅರ್ತಿನದು. ಕರೆಂಟು ಬಂದರೆ ಸಾಲದು, ವಾಪಸು ಹೋಗಲೂ ದಾರಿ ಬೇಕು. ಆ ದಾರಿ ಕಡಿದದ್ದರಿಂದಲೇ ವೈಪರು, ದೀಪ ಎರಡೂ ಒಟ್ಟಿಗೆ ಸತ್ತದ್ದು. ಗಾಜಿಗೆ ನೀರು ಚಿಮ್ಮಿಸುವ ಪಂಪು ಇರುವುದು ಮುಂದುಗಡೆ, ಹಾಗಾಗಿ ಅದೊಂದು ಕೆಲಸ ಮಾಡುತ್ತಿತ್ತು.

ಕಡಿದ ತುದಿಗಳನ್ನೇ ಎಳೆದು ಗಂಟು ಹಾಕಿ ಟೇಪು ಸುತ್ತಬಹುದಲ್ಲ ಎನಿಸಬಹುದು. ಹಾಗೆ ಮಾಡಿದರೆ ವೈರು ಗಿಡ್ಡವಾಗಿ ಬಾಗಿಲು ಎತ್ತಿದಾಗ ಮತ್ತೆ ಕಡಿಯುತ್ತದೆ. ಟೇಪಿನ ಅಂಟು ನಮ್ಮೂರ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಹಾಳಾದ ಭಾಗ ಪೂರ್ತಿ ಕತ್ತರಿಸಿ, ನಡುವೆ ಒಂದು ಗೇಣಿನಷ್ಟು ಹೊಸ ವೈರು ಸೇರಿಸಿದೆ. ಎರಡು ಬೆಸುಗೆಗಳೂ ಮಡಚುವ ಜಾಗದಲ್ಲಿ ಬರದೆ ಆಚೀಚೆ ಬರುವಂತೆ ನೋಡಿಕೊಂಡೆ. ಬೆಸುಗೆ ಹಾಕುವ ಮೊದಲೇ ಸ್ಲೀವನ್ನು ವೈರಿಗೆ ಪೋಣಿಸಿಕೊಳ್ಳಬೇಕು. ನಾನು ಮೊದಲ ಸಲ ಮರೆತು, ಬೆಸುಗೆ ಬಿಚ್ಚಿ ಮತ್ತೆ ಮಾಡಿದೆ. ಬಳೆ ತೊಡುವ ಮೊದಲೇ ಕೈ ಮುಷ್ಟಿ ಕಟ್ಟಿದಂತೆ! ಎರಡು ವೈರಿಗೆ ಎರಡೂವರೆ ಗಂಟೆ ಹಿಡಿಯಿತು. ಬೆರಳು ಒಂದು ಕಡೆ ಸುಟ್ಟಿತು. ಒಗ್ಗರಣೆಯಲ್ಲಿ ಸುಡುವುದಿಲ್ಲವೇ, ಬಿಡಿ.

ಬ್ಯಾಟರಿ ಸೇರಿಸಿ ಗುಂಡಿ ತಿರುಗಿಸಿದಾಗ ವೈಪರು ಓಡಿತು. ಓಡಿತೇನೋ ಹೌದು, ಗಾಜಿನ ಮೇಲೆ ಗೀರು ಗೀರಾಗಿ ಕೊಳೆ ಉಳಿಯಿತು. ನೋಡಿದರೆ ರಬ್ಬರು ಬಿಸಿಲಿಗೆ ಒಣಗಿ ಹಪ್ಪಳದಂತಾಗಿದೆ. ಹೊಸ ರಬ್ಬರು ಹಾಕಿಸಿದೆ. ವೈರು, ಸ್ಲೀವ್, ರಬ್ಬರು ಎಲ್ಲ ಸೇರಿ ನಾನೂರು ರೂಪಾಯಿ ದಾಟಲಿಲ್ಲ.

ನಿಮ್ಮ ಕಾರಿನಲ್ಲಿ ಬೇರೆ ತೊಂದರೆ ಇರಬಹುದು. ಗುಂಡಿ ಹಾಕಿ ಡಿಕ್ಕಿ ಬಾಗಿಲಿಗೆ ಕಿವಿಯಿಟ್ಟು ಕೇಳಿ. ಮೋಟಾರು ತಿರುಗುವ ಸದ್ದು ಬಂದು ಕಡ್ಡಿ ಅಲುಗದಿದ್ದರೆ ಕಡ್ಡಿಯ ಬುಡದ ಮುಚ್ಚಳದ ಕೆಳಗಿನ ನಟ್ಟು ಸಡಿಲವಾಗಿರಬಹುದು. ಸ್ಪ್ಯಾನರಿನಿಂದ ಬಿಗಿ ಮಾಡಿದರೆ ಸರಿಹೋಗುತ್ತದೆ. ಗುಂಯ್ ಎಂದು ತಿಣುಕುವ ಸದ್ದು ಬಂದರೆ ಕೂಡಲೇ ಗುಂಡಿ ಆರಿಸಿ. ಬಹಳ ದಿನ ಓಡಿಸದೆ ಅದರ ದಂಡಕ್ಕೆ ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ, ಬಲವಂತ ಮಾಡಿದರೆ ಮೋಟಾರು ಸುಡುತ್ತದೆ. ಅದನ್ನು ಬಿಚ್ಚಿ ಎಣ್ಣೆ ಹಾಕುವ ಕೆಲಸ ತಿಳಿದವರಿಗೇ ಬಿಡಿ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸು, ಆಮೇಲೆ ರಬ್ಬರಿನ ಕೊಳವೆಯೊಳಗಿನ ವೈರು, ಎಲ್ಲಕ್ಕಿಂತ ಕೊನೆಗೆ ಮೋಟಾರು. ಮಳೆ ಇಲ್ಲದ ಊರಿನವರು ವಾರಕ್ಕೊಮ್ಮೆ ಗಾಜು ತೊಳೆದು, ನೀರು ಚಿಮ್ಮಿಸಿ ನಾಲ್ಕು ಸಲ ಓಡಿಸಿ. ಒಣ ಧೂಳಿನ ಮೇಲೆ ಮಾತ್ರ ಓಡಿಸಬೇಡಿ, ಗಾಜು ಗೀರುತ್ತದೆ.

ಆಮೇಲೆ ತಿಳಿದ ಒಂದು ಸಂಗತಿ ನಿಮಗೂ ಹೇಳಬೇಕು. ಕಾರಿನ ವೈಪರಿಗೆ ಅಮೆರಿಕದಲ್ಲಿ 1903ರಲ್ಲಿ ಪೇಟೆಂಟ್ ಪಡೆದವಳು ಅಲಬಾಮಾ ರಾಜ್ಯದ ಮೇರಿ ಆ್ಯಂಡರ್ಸನ್ ಎಂಬ ಹೆಣ್ಣುಮಗಳು. ನ್ಯೂಯಾರ್ಕಿನ ಚಳಿಯಲ್ಲಿ ಟ್ರಾಮಿನಲ್ಲಿ ಹೋಗುವಾಗ, ಗಾಜಿನ ಮೇಲೆ ಹಿಮ ಬಿದ್ದು ದಾರಿ ಕಾಣದೆ ಚಾಲಕ ಪಡುತ್ತಿದ್ದ ಪಾಡು ನೋಡಿ, ಒಳಗೆ ಕೂತೇ ಹಿಡಿಕೆ ಎಳೆದರೆ ಹೊರಗೆ ಗಾಜು ಒರೆಸುವ ಸಾಧನ ಮಾಡಿಸಿದಳು. ಕೊಳ್ಳುವ ಕಂಪನಿ ಸಿಗಲಿಲ್ಲ. ಪೇಟೆಂಟಿನ ಅವಧಿ ಮುಗಿದುಹೋಗಿ, ಆಕೆಗೆ ಅದರಿಂದ ಕಾಸೂ ಬರಲಿಲ್ಲ. ಇಂದು ವೈಪರಿಲ್ಲದ ಕಾರು ಯಾರಾದರೂ ಕೊಳ್ಳುತ್ತಾರೆಯೇ?

ಅವತ್ತು ರಾತ್ರಿ ನಮ್ಮವರು ಬಂದಾಗ ಏನೂ ಹೇಳದೆ ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಗುಂಡಿ ತಿರುಗಿಸಿದೆ. ವೈಪರು ಅತ್ತಿಂದಿತ್ತ ಓಡಿತು. ಸುಮ್ಮನೆ ನೋಡಿದರು. ಆಮೇಲೆ ನನ್ನ ಸುಟ್ಟ ಬೆರಳು ನೋಡಿ, "ಬರ್ನಾಲ್ ಹಚ್ಚಿದ್ಯಾ?" ಎಂದರು. ಮರುದಿನ ಬೆಳಿಗ್ಗೆ ಬೀಗದಕೈ ಮೊಳೆಯಲ್ಲಿರಲಿಲ್ಲ. ನನ್ನ ವ್ಯಾನಿಟಿ ಬ್ಯಾಗಿನ ಪಕ್ಕದಲ್ಲಿತ್ತು.

ಆದರೆ ಒಂದು ಮಾತು, ಸೋದರಿಯರೇ. ವೈಪರು ಸರಿಯಾದ ಮಾತ್ರಕ್ಕೆ ಎಲ್ಲ ಸರಿಯಾಗಲಿಲ್ಲ. ಗಾಜು ಎಷ್ಟೇ ಚೊಕ್ಕಟವಿದ್ದರೂ ಅದರ ಕೆಳಗೆ ಬಗ್ಗಿದ ಮಗು ಕಾಣುವುದಿಲ್ಲ. ಆ ಹುಡುಗ ಓಡಿ ಬಂದದ್ದು ಕಂಡಿರುತ್ತಿತ್ತು, ಬಗ್ಗಿದ ಮೇಲೆ ಕಾಣುತ್ತಿರಲಿಲ್ಲ. ಹೊಸ ಕಾರುಗಳಲ್ಲಿ ಹಿಂದೆ ಏನಾದರೂ ಇದ್ದರೆ ಕೂಗುವ ಸೆನ್ಸರು ಇರುತ್ತದೆ, ನಮ್ಮ ಹಳೇ ಕಾರಿಗೆ ಅದಿಲ್ಲ. ಇದ್ದರೂ ನಾನು ಬಿಡುತ್ತಿರಲಿಲ್ಲ. ಈಗ ಹಿಂದಕ್ಕೆ ತೆಗೆಯುವ ಮುಂಚೆ ಮಳೆಯಿರಲಿ, ಬಿಸಿಲಿರಲಿ, ಒಂದು ಸಲ ಇಳಿದು ಕಾರಿನ ಹಿಂದೆ ಹೋಗಿ ನೋಡಿಯೇ ಹತ್ತುತ್ತೇನೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಮತ್ತೆ ಹೋದೆವು, ಈ ಸಲ ನಮ್ಮವರೂ ಬಂದರು. ಮಳೆಯಿರಲಿಲ್ಲ, ಗಾಜು ಫಳಫಳ ಹೊಳೆಯುತ್ತಿತ್ತು. ಹೊರಡುವಾಗ ನಾನು ಸೀಟಿನಲ್ಲಿ ಕೂತವಳು ಮತ್ತೆ ಬಾಗಿಲು ತೆಗೆದೆ. "ಯಾಕೇ, ಏನಾದ್ರೂ ಮರೆತ್ಯಾ?" ಎಂದು ನಮ್ಮವರು ಕೇಳಿದರು.

"ಸುಮ್ನಿರೋ, ಅವಳು ಹಿಂದೆ ನೋಡ್ಕೊಂಡು ಬರ್ತಾಳೆ" ಎಂದರು ಅತ್ತೆ.

ನಾನು ಇಳಿದು ಹೋಗಿ ನೋಡಿದೆ. ಯಾರೂ ಇರಲಿಲ್ಲ. ಬಂದು ಕೂತು ಕಾರು ತೆಗೆದೆ.